ಶೋಗ್ರೆನ್ಸ್‌ನಿಂದ ಬಾಯಿ ಒಣಗುವವರು ಫ್ಲೋರೈಡ್ ಪೇಸ್ಟ್ ಬಿಡಬೇಡಿ

ಕೋಲಾರ, ಚಿಕ್ಕಬಳ್ಳಾಪುರದ ಕಡೆ "ಬೋರ್‌ವೆಲ್ ನೀರಲ್ಲೇ ಬೇಕಾದಷ್ಟು ಫ್ಲೋರೈಡ್ ಇದೆ, ಪೇಸ್ಟಲ್ಲಿ ಬೇರೆ ಯಾಕೆ?" ಅಂತ ಫ್ಲೋರೈಡ್ ಇಲ್ಲದ ಹಲ್ಲುಪುಡಿ ಹಿಡಿಯುವವರು ಬಹಳ. ಶೋಗ್ರೆನ್ಸ್ ಅಂದರೆ ದೇಹದ ರೋಗನಿರೋಧಕ ಶಕ್ತಿಯೇ ಜೊಲ್ಲು, ಕಣ್ಣೀರಿನ ಗ್ರಂಥಿಗಳ ಮೇಲೆ ತಿರುಗಿಬೀಳುವ ಕಾಯಿಲೆ; ಅದು ಇದ್ದವರಿಗೆ ಇದು ದುಬಾರಿ ಲೆಕ್ಕ. ಹಲ್ಲಿಗೆ ಕಂದು ಕಲೆ ಬರುವುದು ಬಾಲ್ಯದಲ್ಲಿ, ಹಲ್ಲು ದವಡೆಯೊಳಗೆ ಬೆಳೆಯುವಾಗ ನುಂಗಿದ ಫ್ಲೋರೈಡ್‌ನಿಂದ. ದೊಡ್ಡವರು ಉಜ್ಜಿ ಉಗುಳುವ ಪೇಸ್ಟಿನಿಂದಲ್ಲ. ಕುಡಿಯಲು ಶುದ್ಧ ನೀರಿನ ಘಟಕದ ನೀರೇ ಇರಲಿ, ಅದು ಬೇರೆ ವಿಷಯ.

ಆಮ್ಲವನ್ನು ತೊಳೆದು ಹಲ್ಲಿಗೆ ಕ್ಯಾಲ್ಸಿಯಂ ಮರಳಿಸುವುದು ಜೊಲ್ಲು. ಅದು ಕಡಿಮೆಯಾದರೆ ವಸಡಿನ ಅಂಚು, ಬೇರು, ಮುಂದಿನ ಹಲ್ಲಿನ ತುದಿಯಲ್ಲೂ ಹುಳುಕು ಬೀಳುತ್ತೆ.

ಟ್ಯೂಬಿನ ಮೇಲೆ ಫ್ಲೋರೈಡ್ ಸುಮಾರು 1000 ಪಿಪಿಎಂ ಅಂತ ಇದೆಯಾ ನೋಡಿ. ರಾತ್ರಿ ಮೆತ್ತನೆ ಬ್ರಷ್‌ನಲ್ಲಿ 2 ನಿಮಿಷ ಉಜ್ಜಿ, ನೊರೆ ಉಗುಳಿ ಸುಮ್ಮನಿರಿ, ನೀರು ಮುಕ್ಕಳಿಸಬೇಡಿ. 3ರಿಂದ 6 ತಿಂಗಳಿಗೊಮ್ಮೆ ದಂತವೈದ್ಯರಲ್ಲಿ ಫ್ಲೋರೈಡ್ ವಾರ್ನಿಷ್ ಹಚ್ಚಿಸಿಕೊಳ್ಳಿ.

ಜೊಲ್ಲು ಬರಲಿ ಅಂತ ಹುಣಸೆಹಣ್ಣು, ನಿಂಬೆ ಪೆಪ್ಪರ್‌ಮೆಂಟ್ ಚೀಪುವುದಂತೂ ಬೇಡವೇ ಬೇಡ. ಸಕ್ಕರೆಯಿಲ್ಲದ, ಝೈಲಿಟಾಲ್ ಇರುವ ಚೂಯಿಂಗ್ ಗಮ್ ಅಗಿಯಿರಿ. ಹುಳಿಸಾರು ಉಂಡ ಮೇಲೆ ಒಂದು ಲೋಟ ನೀರಿಗೆ ಕಾಲು ಚಮಚ ಅಡುಗೆ ಸೋಡಾ ಕದಡಿ ಮುಕ್ಕಳಿಸಿ ಉಗುಳಿ. ಬ್ರಷ್ ಅರ್ಧ ಗಂಟೆ ಬಿಟ್ಟು. ಆಲ್ಕೋಹಾಲ್ ಇರುವ ಮೌತ್‌ವಾಶ್ ಇನ್ನಷ್ಟು ಒಣಗಿಸುತ್ತೆ. ನೆಗಡಿ, ಅಲರ್ಜಿಯ ಕೆಲವು ಮಾತ್ರೆಗಳೂ ಅಷ್ಟೇ.

ನಾಲಿಗೆ ಕೆಂಪಾಗಿ ಉರಿ, ಬಾಯಿಯ ಮೂಲೆ ಸೀಳಿದರೆ ಖಾರ ತಿಂದದ್ದಕ್ಕೆ ಅಂತ ಬಿಡಬೇಡಿ, ಫಂಗಸ್ ಇರಬಹುದು. ಹಲ್ಲುಸೆಟ್ಟನ್ನು ರಾತ್ರಿ ತೆಗೆದಿಡಿ. ಕಿವಿಯ ಮುಂದೆ ಊತ ಇಳಿಯದೇ ನಿಂತರೆ ತಡಮಾಡದೆ ಸಂಧಿವಾತ ತಜ್ಞರಿಗೆ ತೋರಿಸಿ.