ಕಚೇರಿಯ ಫೈಲ್ ಸರ್ವರ್ ನಿಧಾನವಾದಾಗ ಅಡಚಣೆಯನ್ನು ಪತ್ತೆ ಮಾಡುವ ಬಗೆ

ಹತ್ತು ಹದಿನೈದು ಮಂದಿ ಬಳಸುವ ಫೈಲ್ ಸರ್ವರ್ ನಿಧಾನವಾದರೆ ಹೆಚ್ಚಿನವರು ಹೊಸ ಪ್ರೊಸೆಸರ್ ಅಥವಾ ಹೆಚ್ಚಿನ ರ‍್ಯಾಮ್ ಕೊಳ್ಳಲು ಮುಂದಾಗುತ್ತಾರೆ. ಫೈಲ್ ಹಂಚುವುದಷ್ಟೇ ಕೆಲಸವಾಗಿರುವ ಯಂತ್ರದಲ್ಲಿ ಅಡಚಣೆ ಸಾಮಾನ್ಯವಾಗಿ ನೆಟ್‌ವರ್ಕಿನಲ್ಲಿ ಇಲ್ಲವೇ ಡಿಸ್ಕಿನಲ್ಲಿ ಇರುವುದರಿಂದ, ಹಣ ಹಾಕುವ ಮೊದಲು ಅಳೆದು ನೋಡಬೇಕು. ಅದನ್ನೂ ಎಲ್ಲರೂ ಕೆಲಸದಲ್ಲಿರುವ ಹೊತ್ತಿನಲ್ಲೇ ಮಾಡಬೇಕು; ಖಾಲಿ ಕಚೇರಿಯಲ್ಲಿ ಮಾಡಿದ ಪರೀಕ್ಷೆಯಿಂದ ಕೆಲಸದ ಹೊತ್ತಿನ ಅಡಚಣೆ ತಿಳಿಯುವುದಿಲ್ಲ.

ಮೊದಲು ಕೆಲವು ಜಿಬಿ ಗಾತ್ರದ ಒಂದೇ ಫೈಲನ್ನು ಸರ್ವರ್‌ನಿಂದ ನಕಲು ಮಾಡಿ. ಗಿಗಾಬಿಟ್ ಸಂಪರ್ಕದಲ್ಲಿ ಸೆಕೆಂಡಿಗೆ ಸುಮಾರು 110 ಎಂಬಿ ವೇಗ ಸಿಗಬೇಕು. ವೇಗ 11 ಎಂಬಿಯ ಆಸುಪಾಸಿನಲ್ಲೇ ನಿಂತರೆ ಸಂಪರ್ಕ 100 ಮೆಗಾಬಿಟ್‌ಗೆ ಇಳಿದಿದೆ ಎಂದು ಬಹುಮಟ್ಟಿಗೆ ಹೇಳಬಹುದು. ಗಿಗಾಬಿಟ್‌ಗೆ ಕೇಬಲ್‌ನ ನಾಲ್ಕೂ ಜೋಡಿ ತಂತಿಗಳು ಬೇಕು, 100ಕ್ಕೆ ಎರಡು ಜೋಡಿ ಸಾಕು. ಹೀಗಾಗಿ ತಂತಿಗಳಿಗೆ ಸರಿಯಾಗಿ ಒತ್ತಿ ಕೂರಿಸದ (ಕ್ರಿಂಪ್ ಆಗದ) ಒಂದು ಕನೆಕ್ಟರ್ ಕೂಡ ಇಡೀ ಕಚೇರಿಯನ್ನು ನಿಧಾನಗೊಳಿಸಬಲ್ಲದು. ಡಿಸ್ಕನ್ನು ಬಿಟ್ಟು ನೆಟ್‌ವರ್ಕನ್ನಷ್ಟೇ ಅಳೆಯಲು ಎರಡು ಯಂತ್ರಗಳ ನಡುವಿನ ವೇಗ ಅಳೆಯುವ ಐಪರ್ಫ್ ಎಂಬ ತಂತ್ರಾಂಶ ಬಳಸಿ.

ದೊಡ್ಡ ಫೈಲು ಸರಾಗವಾಗಿ ಬಂದು, ನೂರಾರು ಸಣ್ಣ ಫೈಲುಗಳು ಮಾತ್ರ ತಡವರಿಸಿದರೆ ಡಿಸ್ಕನ್ನೇ ಮೊದಲು ಶಂಕಿಸಬೇಕು. ನಿಮಿಷಕ್ಕೆ 7200 ಸುತ್ತು ತಿರುಗುವ ಹಾರ್ಡ್ ಡಿಸ್ಕ್ ಒಂದೇ ಸಾಲಿನಲ್ಲಿ ಓದುವಾಗ ಸೆಕೆಂಡಿಗೆ 150 ಎಂಬಿ ದಾಟಬಲ್ಲದಾದರೂ, ಅಲ್ಲಲ್ಲಿ ಚದುರಿದ ದತ್ತಾಂಶವನ್ನು ಹುಡುಕುವಾಗ ಸೆಕೆಂಡಿಗೆ ನೂರು ಕೋರಿಕೆಗಳನ್ನು ಪೂರೈಸಲೂ ಹೆಣಗುತ್ತದೆ. ಲಿನಕ್ಸ್‌ನಲ್ಲಿ ಐಓಸ್ಟ್ಯಾಟ್ ಎಂಬ ಆದೇಶ ತೋರಿಸುವ ಕಾಯುವಿಕೆಯ ಸಮಯ ಹತ್ತಾರು ಮಿಲಿಸೆಕೆಂಡುಗಳಲ್ಲೇ ಉಳಿದರೆ, ಅಥವಾ ವಿಂಡೋಸ್‌ನ ರಿಸೋರ್ಸ್ ಮಾನಿಟರ್‌ನಲ್ಲಿ ಡಿಸ್ಕಿಗಾಗಿ ಕಾಯುವ ಕೋರಿಕೆಗಳ ಸರದಿ ಇಳಿಯದೇ ಹೋದರೆ, ಡಿಸ್ಕೇ ಸೋಲುತ್ತಿದೆ. ರೇಡ್ 5 (ಒಂದು ಡಿಸ್ಕ್ ಕೆಟ್ಟರೂ ದತ್ತಾಂಶ ಉಳಿಯುವಂತೆ ಹಲವು ಡಿಸ್ಕುಗಳನ್ನು ಜೋಡಿಸುವ ಬಗೆ) ಇದ್ದಲ್ಲಿ ಪ್ರತಿಯೊಂದು ಸಣ್ಣ ಬರಹಕ್ಕೂ ಸಾಮಾನ್ಯವಾಗಿ ಎರಡು ಓದು, ಎರಡು ಬರಹ ಬೇಕಾಗುವುದರಿಂದ ಈ ತೊಂದರೆ ಇನ್ನೂ ಹೆಚ್ಚು. ಇದೇ ಹಂತದಲ್ಲಿ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿಯನ್ನೂ ತೆರೆಯಿರಿ. ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳು ಕಂಡರೆ ವೇಗದ ಚಿಂತೆಯನ್ನು ಬದಿಗಿಟ್ಟು ಮೊದಲು ಬ್ಯಾಕಪ್ ತೆಗೆದುಕೊಳ್ಳಿ.

ರ‍್ಯಾಮ್ ವಿಷಯದಲ್ಲಿ ಸ್ವಾಪ್ (ಅದು ಸಾಲದಾದಾಗ ಬದಲಿಗೆ ಬಳಸುವ ಡಿಸ್ಕಿನ ಜಾಗ) ನಿರಂತರವಾಗಿ ಬಳಕೆಯಾಗುತ್ತಿದೆಯೇ ಎಂದಷ್ಟೇ ನೋಡಿ; ಖಾಲಿ ರ‍್ಯಾಮ್ ಕಡಿಮೆ ಕಂಡರೆ ಗಾಬರಿ ಬೇಡ, ಅದನ್ನು ಸಿಸ್ಟಮ್ ಕ್ಯಾಶ್ (ಮತ್ತೆ ಬೇಕಾಗಬಹುದಾದ ದತ್ತಾಂಶದ ತಾತ್ಕಾಲಿಕ ಸಂಗ್ರಹ) ಆಗಿ ಬಳಸಿಕೊಂಡಿರುತ್ತದೆ. ಪ್ರೊಸೆಸರ್‌ನ ಸರಾಸರಿ ಬಳಕೆಯನ್ನು ನಂಬದೆ ಪ್ರತಿ ಕೋರನ್ನೂ ಬೇರೆಯಾಗಿ ಗಮನಿಸಿ: ಎಂಟು ಕೋರ್‌ಗಳಲ್ಲಿ ಒಂದು ಪೂರ್ತಿ ದಣಿದಿದ್ದರೂ ಸರಾಸರಿ 12.5% ಎಂದೇ ಕಾಣುತ್ತದೆ.

ಒಂದು ಭಾಗವನ್ನು ಬದಲಿಸಿದ ಮೇಲೆ ಅದೇ ಪರೀಕ್ಷೆಗಳನ್ನು ಮತ್ತೆ ನಡೆಸಿ. ಹಾರ್ಡ್ ಡಿಸ್ಕ್ ತೆಗೆದು, ತಿರುಗುವ ಭಾಗಗಳಿಲ್ಲದ ಎಸ್‌ಎಸ್‌ಡಿ ಹಾಕಿದರೆ ಸಣ್ಣ ಫೈಲುಗಳು ಬೇಗ ತೆರೆದುಕೊಳ್ಳುತ್ತವೆ, ದೊಡ್ಡ ಫೈಲಿನ ವೇಗ ಮಾತ್ರ ಗಿಗಾಬಿಟ್‌ನ ಮಿತಿಯಲ್ಲೇ ಉಳಿಯುತ್ತದೆ.