ನಮ್ಮ ಪ್ರೆಸ್ಸಿಗೆ ವಿಂಡೋಸಾ, ಲಿನಕ್ಸಾ, ಮ್ಯಾಕಾ: ತೀರ್ಮಾನ ಮಾಡಿದ್ದು ಹಳೇ ನುಡಿ ಫೈಲ್‌ಗಳು

ಶಿವಮೊಗ್ಗದಲ್ಲಿ ನಮ್ದೊಂದು ಚಿಕ್ಕ ಪ್ರಿಂಟಿಂಗ್ ಪ್ರೆಸ್ಸು. ಲಗ್ನಪತ್ರಿಕೆ, ಬಿಲ್ ಬುಕ್, ಕರಪತ್ರ, ಸಂಘಗಳ ಸ್ಮರಣ ಸಂಚಿಕೆ, ಇವೇ ಕೆಲಸ. ಆರು ಕಂಪ್ಯೂಟರ್ ಇದ್ವು, ಆರರಲ್ಲೂ ವಿಂಡೋಸ್ 10. 2025ರ ಅಕ್ಟೋಬರ್ 14ಕ್ಕೆ ಅದರ ಮಾಮೂಲಿ ಸಪೋರ್ಟ್ ಮುಗಿಯುತ್ತೆ ಅಂತ ಗೊತ್ತಾದ್ಮೇಲೆ ಕಂಪ್ಯೂಟರ್ ಅಂಗಡಿಯವರನ್ನ ಕರೆಸಿದೆ, ಅವರು ಎಲ್ಲಾ ನೋಡಿ ಆರೂ ತೆಗೆದುಹಾಕಿ ಹೊಸದು ಹಾಕಿಸ್ಕೊಳಿ ಸಾರ್ ಅಂದ್ರು. ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ ನಂಗೆ.

ಮಾರನೇ ದಿನ ನಾನೇ ಕೂತು ಒಂದೊಂದೇ ನೋಡಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನೋ ಸೆಕ್ಯೂರಿಟಿ ಚಿಪ್ ಬೇಕು, ಇಂಟೆಲ್ ಆದ್ರೆ ಹೆಚ್ಚುಕಮ್ಮಿ 8ನೇ ಜನರೇಶನ್ನಿಂದ ಈಚೆಗಿನ ಪ್ರೊಸೆಸರ್ ಬೇಕು. ನಮ್ಮಲ್ಲಿ ಟ್ಯಾಲಿ ಇರೋ ಮಿಷನ್ ಒಂದೇ 10ನೇದು, ಉಳಿದ ಐದೂ 8ನೇದಕ್ಕಿಂತ ಹಳೇವು. ಚೆಕ್ಕಿಂಗ್ ತಪ್ಪಿಸಿ ಹಳೇದ್ರಲ್ಲೇ 11 ಹಾಕೋ ದಾರಿನೂ ಇದೆ, ಹುಡುಗರು ಮಾಡಿಕೊಡ್ತೀವಿ ಅಂದ್ರು, ಬೇಡ ಅಂದೆ. ಮದುವೆ ಸೀಸನ್ ಮಧ್ಯೆ ಯಾವುದೋ ಅಪ್ಡೇಟ್ ಬಂದು ಮಿಷನ್ ಕೂತುಬಿಟ್ರೆ ಗಿರಾಕಿಗೆ ಏನಂತ ಹೇಳೋದು.

ಆಮೇಲೆ ಮಾಡಿದ್ದೇ ಮುಖ್ಯ ಕೆಲಸ. ಯಾವ ಸಿಸ್ಟಮ್ ಒಳ್ಳೇದು ಅಂತ ಯೂಟ್ಯೂಬ್ ನೋಡೋದು ಬಿಟ್ಟು, ಒಂದು ನೋಟ್‌ಬುಕ್ಕಲ್ಲಿ ಯಾವ ಟೇಬಲ್ಲಲ್ಲಿ ದಿನವಿಡೀ ಏನು ಓಪನ್ ಆಗಿರುತ್ತೆ ಅಂತ ಒಂದು ವಾರ ಬರ್ದಿಟ್ಟೆ. ಅಕೌಂಟ್ಸಲ್ಲಿ ಟ್ಯಾಲಿ, ಅದು ವಿಂಡೋಸ್‌ಗೇ ಬರೋದು, ಅಲ್ಲಿಗೆ ಆ ಮಾತು ಮುಗೀತು. ಡಿಸೈನ್ ಟೇಬಲ್ ಎರಡರಲ್ಲೂ ಕೋರೆಲ್ ಡ್ರಾ. ಕೌಂಟರಲ್ಲಿ ವಾಟ್ಸಾಪ್ ವೆಬ್, ಮೇಲ್, ಪಿಡಿಎಫ್ ಬಿಟ್ರೆ ಬೇರೇನಿಲ್ಲ. ಪ್ರೂಫ್ ಟೇಬಲ್ಲಲ್ಲಿ ಟೈಪಿಂಗು ಮತ್ತೆ ಓದೋದು. ಪ್ಲೇಟ್ ಮಾಡಿಸೋದು ಹೊರಗಡೆ, ಅವರಿಗೆ ಪಿಡಿಎಫ್ ಕೊಟ್ರೆ ಸಾಕು, ಯಾವ ಕಂಪ್ಯೂಟರಿಂದ ಬಂತು ಅಂತ ಕೇಳಲ್ಲ.

ನಮ್ಮ ಡಿಸೈನರ್ ಹುಡುಗನಿಗೆ ಮ್ಯಾಕ್ ಮಿನಿ ಮೇಲೆ ಆಸೆ, ತಪ್ಪೇನಿಲ್ಲ, ಕೋರೆಲ್ ಅದಕ್ಕೂ ಬರುತ್ತೆ. ಆದ್ರೆ ಅಡ್ಡ ಬಂದಿದ್ದು ಕನ್ನಡ. ನಮ್ಮ ಹತ್ರ ಇಪ್ಪತ್ತು ವರ್ಷದ ಫೈಲ್ ಇದೆ, ಎಲ್ಲಾ ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಆಸ್ಕಿ ಫಾಂಟಲ್ಲಿ, ಅಂದ್ರೆ ಒಳಗಡೆ ಇರೋದು ಇಂಗ್ಲಿಷ್ ಅಕ್ಷರದ ಕೋಡು, ಫಾಂಟ್ ಅದರ ಮೇಲೆ ಕನ್ನಡದ ಆಕಾರ ತೋರಿಸುತ್ತೆ ಅಷ್ಟೇ, ಫಾಂಟ್ ತೆಗೆದ್ರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ. ಆ ಫಾಂಟ್ ಫೈಲ್ ಬೇರೆ ಸಿಸ್ಟಮ್ಮಿಗೆ ಕಾಪಿ ಮಾಡಿದ್ರೆ ಓದೋಕೇನೋ ಬರುತ್ತೆ, ಅದರಲ್ಲಿ ಹೊಸದಾಗಿ ಟೈಪ್ ಮಾಡೋ ನುಡಿ ಸಾಫ್ಟ್‌ವೇರ್ ಮಾತ್ರ ವಿಂಡೋಸ್‌ದು. ಹಳೇ ಪುಟಗಳನ್ನ ಜೋಡಿಸಿದ್ದ ಪೇಜ್‌ಮೇಕರ್ ಸಾಫ್ಟ್‌ವೇರ್ ಕತೆ ಇನ್ನೂ ಕಷ್ಟ, 7.0 ಬಂದಿದ್ದೇ 2001ರಲ್ಲಿ, ಅದಕ್ಕೆ ಯೂನಿಕೋಡ್, ಅಂದ್ರೆ ಕನ್ನಡ ಅಕ್ಷರಕ್ಕೇ ಅದರದ್ದೇ ಕೋಡ್ ಕೊಡೋ ಪದ್ಧತಿ, ಅನ್ನೋದೇ ಗೊತ್ತಿಲ್ಲ. ಹಂಗಾಗಿ ಡಿಸೈನಿಗೆ ಎರಡು ಹೊಸ ವಿಂಡೋಸ್ 11 ಮಿಷನ್ನೇ ತಗೊಂಡೆ, ಹುಡುಗನಿಗೆ ಬೇಜಾರಾಗಿದ್ದು ನಿಜ.

ಕೌಂಟರ್ ಮತ್ತೆ ಪ್ರೂಫ್ ಟೇಬಲ್ಲಿನವು 4ನೇ ಜನರೇಶನ್ ಐ3. ಎಸ್‌ಎಸ್‌ಡಿ ಹಾಕ್ಸಿ ಲಿನಕ್ಸ್ ಮಿಂಟ್ 22 ಹಾಕ್ದೆ, ಇನ್‌ಸ್ಟಾಲ್ ಮಾಡೋ ಮೊದ್ಲು ನಾಲ್ಕು ದಿನ ಪೆನ್‌ಡ್ರೈವಿಂದಾನೇ ಓಡಿಸಿ ನೋಡಿದ್ವಿ, ನೀವೂ ಹಂಗೇ ಮಾಡಿ, ಯಾಕಂದ್ರೆ ನಮ್ಮ ಎ3 ಪ್ರಿಂಟರ್‌ಗೆ ಲಿನಕ್ಸ್ ಡ್ರೈವರ್ ಇಲ್ಲ ಅನ್ನೋದು ಗೊತ್ತಾಗಿದ್ದೇ ಆಗ. ಈಗ ಪಿಡಿಎಫ್ ಮಾಡಿ ಡಿಸೈನ್ ಟೇಬಲ್ಲಿಗೆ ಕಳಿಸಿ ಅಲ್ಲಿಂದ ಪ್ರಿಂಟ್ ಕೊಡ್ತೀವಿ.

ನಂಗೆ ಭಯ ಇದ್ದಿದ್ದು ಪ್ರೂಫ್ ನೋಡೋ ಮೇಷ್ಟ್ರದು. ರಿಟೈರ್ಡ್ ಕನ್ನಡ ಮೇಷ್ಟ್ರು, ನುಡಿ ಕೀಬೋರ್ಡ್ ಬಿಟ್ಟು ಬೇರೆ ಮುಟ್ಟಿದವರಲ್ಲ. ಲಿನಕ್ಸಲ್ಲಿ ಬೇರೆ ಭಾಷೆ ಟೈಪ್ ಮಾಡೋಕೆ ಐಬಸ್ ಅಂತ ಇದೆ, ಅದರಲ್ಲಿ ಕೆಜಿಪಿ ಅನ್ನೋ ಕೀಬೋರ್ಡ್ ವಿನ್ಯಾಸ ಆರಿಸಿದ್ರೆ ನುಡಿಯಲ್ಲಿದ್ದ ಅದೇ ಕೀಗಳು, ಒತ್ತಕ್ಷರಕ್ಕೆ ಅದೇ ಎಫ್. ಎರಡನೇ ದಿನಕ್ಕೇ "ಏನಪ್ಪಾ ಬದಲಾಗಿದ್ದು?" ಅಂತ ಕೇಳಿದ್ರು, ಅವತ್ತು ಆದ ಸಮಾಧಾನ ಹೇಳೋಕಾಗಲ್ಲ.

ಆರನೇ ಕಂಪ್ಯೂಟರಲ್ಲಿ ಪೇಜ್‌ಮೇಕರ್ ಇದೆ, ವಿಂಡೋಸ್ 10ರಲ್ಲೇ ಉಳಿಸಿ ಇಂಟರ್ನೆಟ್ ಕೇಬಲ್ ಕಿತ್ತಿಟ್ಟಿದೀನಿ. ಅದರಿಂದ ಒಂದೊಂದೇ ಫೈಲ್ ತೆಗೆದು ಯೂನಿಕೋಡಿಗೆ ಬದಲಾಯಿಸ್ತಾ ಇದೀವಿ. ಕನ್ವರ್ಟರ್ ಹಾಕಿದ ಕೂಡ್ಲೇ ಮುಗೀತು ಅನ್ಕೋಬೇಡಿ, ಅರ್ಕಾವತ್ತು ಇರೋ ಕಡೆ ಕಣ್ಣಿಟ್ಟು ನೋಡ್ಬೇಕು, ಆಮೇಲೆ ಮಧ್ಯೆ ಇಂಗ್ಲಿಷಲ್ಲಿ ಇರೋ ಹೆಸರು, ಇಮೇಲ್ ಐಡಿ ಅದನ್ನೂ ಕನ್ನಡ ಅಂತ ತಿಳ್ಕೊಂಡು ಏನೇನೋ ಮಾಡಿಬಿಡುತ್ತೆ. ಸ್ಮರಣ ಸಂಚಿಕೆಗಳಲ್ಲಿ ಇನ್ನೂ ಅರ್ಧ ಬಾಕಿ ಇದೆ, ಮೇಷ್ಟ್ರು ದಿನಾ ಸಾಯಂಕಾಲ ಒಂದು ಗಂಟೆ ಕೂತು ಹಳೇ ಪ್ರಿಂಟ್ ಪಕ್ಕಕ್ಕಿಟ್ಕೊಂಡು ಸಾಲು ಸಾಲು ತಾಳೆ ನೋಡ್ತಾ ಇದಾರೆ.