ಜಿಮ್ನಿಗೆ ದೊಡ್ಡ ಟಯರ್: 235 ಬಿಟ್ಟು 215 ಹಾಕಿಸಿದ ಲೆಕ್ಕ

ಮಾರುತಿಯ ಜಿಮ್ನಿ ಜೀಪು ತಗೊಂಡವರು ಮೊದಲು ಕೇಳುವುದು ಒಂದೇ ಪ್ರಶ್ನೆ. ಇದಕ್ಕೆ ಎಷ್ಟು ದೊಡ್ಡ ಟಯರ್ ಹಿಡಿಯುತ್ತೆ? 2023ರಲ್ಲಿ ಐದು ಬಾಗಿಲಿನ ಗಾಡಿ ಬಂದಾಗಿನಿಂದಲೂ ಇದೇ ಮಾತು. ಕಂಪನಿ ಕೊಡುವುದು 195/80 ಆರ್15. ಚೌಕಾಕಾರದ ಗಾಡಿಗೆ ಅದು ಸಣಕಲು ಅನ್ನಿಸುತ್ತೆ. ಸುಳ್ಳು ಯಾಕೆ, ಗಾಡಿ ಚೆಂದ ಕಾಣಲಿ ಅನ್ನುವುದು ನನಗೆ ಅರ್ಧ ಕಾರಣ. ಉಳಿದರ್ಧ ಸಕಲೇಶಪುರದ ಕಡೆಯ ಮಳೆಗಾಲ. ಜೂನ್ ಹಿಡಿದರೆ ಸೆಪ್ಟೆಂಬರ್‌ವರೆಗೆ ನಮ್ಮ ತೋಟದ ರಸ್ತೆಯನ್ನು ರಸ್ತೆ ಅನ್ನುವ ಹಾಗಿಲ್ಲ. ಕಂಪನಿ ಟಯರಿನ ಗೆರೆಗಳಿಗೆ ಕೆಮ್ಮಣ್ಣು ಮೆತ್ತಿಕೊಂಡರೆ ಮುಗೀತು. 4ಎಲ್, ಅಂದರೆ ನಾಲ್ಕೂ ಚಕ್ರಕ್ಕೆ ಬಲ ಕೊಡುವ ನಿಧಾನ ಗೇರ್, ಹಾಕಿದರೂ ಚಕ್ರ ನಿಂತಲ್ಲೇ ತಿರುಗುತ್ತೆ.

ಟಯರ್ ಅಂಗಡಿಗೆ ಹೋದರೆ ಮೊದಲು ಗೋಡೆಗೆ ನೇತುಹಾಕಿದ ರಿಮ್ ತೋರಿಸುತ್ತಾರೆ. 17 ಇಂಚು, 18 ಇಂಚು, ಮಿರಮಿರ ಮಿಂಚುವ ಕಪ್ಪು. ಅದಕ್ಕೆ ಹೊಂದುವ ಟಯರ್ ಆಮೇಲೆ ಹುಡುಕೋಣ ಅನ್ನುತ್ತಾರೆ. ನಾನು ತಿರುವುಮುರುವು ಮಾಡಿದೆ. ಟಯರಿನ ಎತ್ತರ ಎಷ್ಟಿರಬೇಕು ಅಂತ ಮೊದಲು ತೀರ್ಮಾನ ಮಾಡಿಕೊಂಡೆ. ರಿಮ್ ಕೊನೆಗೆ.

ಲೆಕ್ಕ ಕಷ್ಟದ್ದಲ್ಲ. 195 ಅಂದರೆ ಟಯರಿನ ಅಗಲ, ಮಿಲಿಮೀಟರಿನಲ್ಲಿ. 80 ಅಂದರೆ ಆ ಅಗಲದ ಶೇ. 80ರಷ್ಟು ಸೈಡ್‌ವಾಲ್ (ರಿಮ್ಮಿನಿಂದ ನೆಲದವರೆಗಿನ ರಬ್ಬರಿನ ಎತ್ತರ), ಅಂದರೆ 156 ಮಿ.ಮೀ. ಮೇಲೊಂದು ಕೆಳಗೊಂದು ಸೇರಿ 312. ಅದಕ್ಕೆ 15 ಇಂಚಿನ ರಿಮ್, ಅಂದರೆ 381. ಒಟ್ಟು ವ್ಯಾಸ 693 ಮಿ.ಮೀ. ಇದೇ ರೀತಿ ಹಾಕಿದರೆ 215/75 ಆರ್15ಕ್ಕೆ 703.5 ಬರುತ್ತೆ, 235/75 ಆರ್15ಕ್ಕೆ 733.5. ಮೊದಲನೆಯದು ಕಂಪನಿ ಟಯರಿಗಿಂತ ಶೇ. 1.5 ದೊಡ್ಡದು. ಎರಡನೆಯದು ಶೇ. 5.8.

17 ಇಂಚಿನ ರಿಮ್ ತಲೆಯಿಂದ ಹೋಗಿದ್ದೂ ಇದೇ ಲೆಕ್ಕದಲ್ಲಿ. ಹೆಚ್ಚುಕಮ್ಮಿ ಅದೇ ಎತ್ತರ ಬರಬೇಕು ಅಂದರೆ 225/60 ಆರ್17 ಹಾಕಬೇಕು. ಸೈಡ್‌ವಾಲ್ 135 ಮಿ.ಮೀ.ಗೆ ಇಳಿಯುತ್ತೆ. 215/75ರಲ್ಲಿ ಅದು 161. ದೊಡ್ಡ ರಿಮ್ ಹಾಕಿದಷ್ಟೂ ರಬ್ಬರ್ ಕಡಿಮೆ. ಶಿರಾಡಿ ಘಾಟಿಯಲ್ಲಿ ಮಳೆನೀರು ತುಂಬಿದ ಗುಂಡಿಯ ಅಂಚು ಹೊಡೆದಾಗ ರಿಮ್ಮನ್ನು ಕಾಪಾಡುವುದು ಈ ರಬ್ಬರೇ. ಮಣ್ಣಿನಲ್ಲಿ ಗಾಳಿ ಇಳಿಸಿ ಓಡಿಸುವಾಗ ಟಯರ್ ಹರಡಿಕೊಳ್ಳುವುದಕ್ಕೂ ಇದೇ ಬೇಕು. ಹಾಗಾಗಿ 15 ಇಂಚು ಬಿಟ್ಟು ಮೇಲೆ ಹೋಗಲಿಲ್ಲ.

ಇನ್ನು 235. ಫೋಟೋದಲ್ಲಿ ಭರ್ಜರಿಯಾಗಿ ಕಾಣುತ್ತೆ, ಒಪ್ಪಿದೆ. ಆದರೆ ಜಿಮ್ನಿಯ 1.5 ಲೀಟರ್ ಪೆಟ್ರೋಲ್ ಎಂಜಿನ್ನಿನ ಟಾರ್ಕ್ ಬರೀ 134 ಎನ್ಎಂ. ಟಯರ್ ಶೇ. 5.8 ಎತ್ತರ ಆದರೆ ಪ್ರತಿ ಗೇರ್ ಅಷ್ಟೇ ಉದ್ದ ಆದ ಹಾಗೆ, ಅಂದರೆ ಎಳೆಯುವ ಬಲ ಕಮ್ಮಿ. ಕೆಸರಲ್ಲಿ 4ಎಲ್ ಇದೆ, ಚಿಂತೆ ಇಲ್ಲ. ನಾಲ್ಕು ಜನ, ಹಿಂದೆ ಸಾಮಾನು, ಬಿಸಿಲೆ ಘಾಟಿಯ ಏರು, ಎರಡನೇ ಗೇರ್. ಅಲ್ಲಿ ಗೊತ್ತಾಗುತ್ತೆ. ಜೊತೆಗೆ ಸಸ್ಪೆನ್ಷನ್ ಎತ್ತರಿಸದೆ 235 ಹಾಕಿದರೆ ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಮುಂದೆ ಉಜ್ಜುತ್ತೆ. ಕಂಪನಿ ರಿಮ್ಮಿನ ಅಗಲ 5.5 ಇಂಚು, 235ಕ್ಕೆ ಕನಿಷ್ಠ 6 ಬೇಕು. ಸ್ಪೇರ್ ಚಕ್ರ ಹಿಂಬಾಗಿಲ ಮೇಲೆ ನೇತಾಡುತ್ತೆ, ಅದರ ಭಾರವೆಲ್ಲ ಹಿಂಜಿನ ಮೇಲೆ. ಒಂದು ಟಯರ್ ಬದಲಾಯಿಸೋಕೆ ಹೋಗಿ ಸ್ಪ್ರಿಂಗು, ಶಾಕು, ಬಂಪರು ಅಂತ ಸಾಲಾಗಿ ದುಡ್ಡು ಹಾಕುವ ಆಸೆ ಇರುವವರು ಹಾಕಲಿ. ನನಗೆ ಇರಲಿಲ್ಲ.

215/75 ಆರ್15ಕ್ಕೆ ಇನ್ನೊಂದು ಅನುಕೂಲ ಇದೆ. ಅದು ಬೊಲೆರೊ ಸೈಜು. ಮಲೆನಾಡಿನಲ್ಲಿ ಬೊಲೆರೊ ಇಲ್ಲದ ಊರು ಯಾವುದು ಹೇಳಿ? ಮೂಡಿಗೆರೆಯಲ್ಲೋ ಸೋಮವಾರಪೇಟೆಯಲ್ಲೋ ಟಯರ್ ಹರಿದುಕೊಂಡರೆ ಬೆಂಗಳೂರಿನಿಂದ ಕೊರಿಯರ್ ಬರಲಿ ಅಂತ ಕಾಯಬೇಕಾಗಿಲ್ಲ.

ನೆಲದಿಂದ ಎಷ್ಟು ಎತ್ತರ ಸಿಗುತ್ತೆ ಅಂತ ಹೆಂಡತಿ ಕೇಳಿದಳು. ವ್ಯಾಸ ಹೆಚ್ಚಿದ್ದರಲ್ಲಿ ಅರ್ಧ ಮಾತ್ರ, ಅಂದರೆ 5 ಮಿ.ಮೀ. ಅಂದೆ. "ಐದು ಮಿಲಿಮೀಟರಿಗೆ ಇಷ್ಟು ದುಡ್ಡಾ?" ಅಂದಳು. ಗಾಡಿಗೆ 210 ಮಿ.ಮೀ. ಮೊದಲೇ ಇದೆ, ನನಗೆ ಬೇಕಿದ್ದದ್ದು ಎತ್ತರ ಅಲ್ಲ, ಹಿಡಿತ. ಅದಕ್ಕೇ ಟಾರಿಗೂ ಮಣ್ಣಿಗೂ ಆಗುವ ಎ/ಟಿ (ಆಲ್ ಟೆರೇನ್) ಮಾದರಿ ಆರಿಸಿದೆ. ಕೆಸರಿಗೆಂದೇ ಮಾಡಿದ ಎಂ/ಟಿ (ಮಡ್ ಟೆರೇನ್) ಕೆಸರಲ್ಲಿ ಇನ್ನೂ ಚೆನ್ನಾಗಿ ಕಚ್ಚುತ್ತೆ, ನಿಜ. ಆದರೆ ನನ್ನ ಓಡಾಟದಲ್ಲಿ ಜಾಸ್ತಿ ಭಾಗ ಟಾರು ರಸ್ತೆ. ಹಾಸನದವರೆಗೆ ಆ ಗುಂಯ್ ಸದ್ದು ಕೇಳುತ್ತಾ ಹೋಗುವ ತಾಳ್ಮೆ ನನಗಿಲ್ಲ. ಒದ್ದೆ ಟಾರಿನ ಮೇಲೆ ಬ್ರೇಕ್ ಹಿಡಿಯುವಾಗಲೂ ಎ/ಟಿಯೇ ವಾಸಿ.

ಟಯರ್ ಕೊಳ್ಳುವಾಗ ಪಕ್ಕದಲ್ಲಿ ಬರೆದಿರುವುದನ್ನು ಓದಿ. ಕಂಪನಿ ಟಯರಿನ ಲೋಡ್ ಇಂಡೆಕ್ಸ್ 96, ಅಂದರೆ ಒಂದು ಟಯರ್ ಹೊರಬಲ್ಲ ಭಾರ 710 ಕೆ.ಜಿ. ಅದಕ್ಕಿಂತ ಕೆಳಗೆ ಹೋಗಬಾರದು. ನಾನು ತಗೊಂಡಿದ್ದು 100, ಅಂದರೆ 800 ಕೆ.ಜಿ. ತಯಾರಾದ ದಿನಾಂಕ ನಾಲ್ಕು ಅಂಕಿಯಲ್ಲಿ ಇರುತ್ತೆ. 1824 ಅಂತಿದ್ದರೆ 2024ರ 18ನೇ ವಾರ. ಹಳೇ ಸ್ಟಾಕು ತಳ್ಳಲು ನೋಡುವವರು ಇದ್ದೇ ಇರುತ್ತಾರೆ.

ರಿಮ್ ವಿಷಯದಲ್ಲಿ ಸ್ವಲ್ಪ ನಿಧಾನ ಮಾಡಿದೆ. ಜಿಮ್ನಿಯ ಪಿಸಿಡಿ 5x139.7, ಅಂದರೆ 139.7 ಮಿ.ಮೀ. ವ್ಯಾಸದ ವೃತ್ತದ ಮೇಲೆ ಐದು ಬೋಲ್ಟು. ಹಳೇ ಜಿಪ್ಸಿಯದ್ದೂ ಇದೇ. ಬೋಲ್ಟಿನ ತೂತು ಹೊಂದಿದರೆ ರಿಮ್ ಹೊಂದಿತು ಅಂತಲ್ಲ. ನಡುವಿನ ತೂತು 108 ಮಿ.ಮೀ.ನ ಹಬ್ಬಿನ ಮೇಲೆ ಸರಿಯಾಗಿ ಕೂರಬೇಕು. ಆಮೇಲೆ ಆಫ್‌ಸೆಟ್. ರಿಮ್ಮಿನ ಅಗಲದ ನಡುಗೆರೆಯಿಂದ ಹಬ್ಬಿಗೆ ಕೂರುವ ಮುಖ ಎಷ್ಟು ದೂರ ಅನ್ನುವುದು ಅದು; ಸಂಖ್ಯೆ ಕಮ್ಮಿ ಆದಷ್ಟೂ ಚಕ್ರ ಆಚೆ ಹೋಗುತ್ತೆ. ಜನ ಎಡವುವುದು ಇಲ್ಲೇ. ಕಂಪನಿ ರಿಮ್ 5.5ಜೆ (5.5 ಇಂಚು ಅಗಲ), ಆಫ್‌ಸೆಟ್ ಪ್ಲಸ್ 5. ನನಗೆ ತೋರಿಸಿದ್ದು 7ಜೆ, ಆಫ್‌ಸೆಟ್ ಸೊನ್ನೆ. ಕಾಗದದ ಮೇಲೆ ಹಾಕಿ ನೋಡಿದೆ. ರಿಮ್ಮಿನ ಹೊರ ಅಂಚು 24 ಮಿ.ಮೀ. ಆಚೆ ಹೋಗುತ್ತೆ, ಒಳ ಅಂಚು 14 ಮಿ.ಮೀ. ಈಚೆ ಬರುತ್ತೆ. ಎರಡೂ ಕಡೆ ತೊಂದರೆ. ಆಚೆ ಹೋದರೆ ವೀಲ್ ಬೇರಿಂಗಿನ ಮೇಲೆ ಭಾರ, ಬಾಗಿಲಿಗೆಲ್ಲ ಕೆಸರು. ಈಚೆ ಬಂದರೆ ತಿರುವಿನಲ್ಲಿ ಉಜ್ಜಾಟ. 6ಜೆ, ಆಫ್‌ಸೆಟ್ ಸೊನ್ನೆ ಇರುವುದು ಬೇಕು ಅಂದೆ. ಅದರಲ್ಲಿ ಹೊರಗೆ 11 ಮಿ.ಮೀ., ಒಳಗೆ ಒಂದು ಮಿ.ಮೀ. ಚಿಲ್ಲರೆ. 215 ಟಯರಿಗೆ 6 ಇಂಚಿನ ರಿಮ್ ಹೇಳಿ ಮಾಡಿಸಿದ ಅಗಲ. ತರಿಸಿಕೊಡಲು ಅಂಗಡಿಯವರು ಗೊಣಗಿದರು, ತರಿಸಿದರು.

ಐದೂ ಜೋಡಿಸುವ ಮುಂಚೆ ಒಂದೇ ಒಂದು ಚಕ್ರ ಹಾಕಿ ನೋಡೋಣ ಅಂದೆ. ಮುಂದಿನ ಎಡಗಡೆಗೆ ಹಾಕಿಸಿದೆ. ಟಯರಿನ ಎರಡೂ ಭುಜಕ್ಕೆ ಸ್ಕೂಲಿನ ಸೀಮೆಸುಣ್ಣ ದಪ್ಪಗೆ ಬಳಿದೆ. ಅಂಗಡಿ ಪಕ್ಕದ ಜಲ್ಲಿ ಗುಡ್ಡೆಗೆ ಆ ಒಂದು ಚಕ್ರ ಮಾತ್ರ ಹತ್ತಿಸಿದೆ, ಸಸ್ಪೆನ್ಷನ್ ಆ ಕಡೆ ಪೂರ್ತಿ ಒತ್ತಿಕೊಳ್ಳಲಿ ಅಂತ. ಹಾಗೇ ಸ್ಟೀರಿಂಗ್ ಈ ತುದಿಯಿಂದ ಆ ತುದಿಗೆ, ಒಂದಡಿ ಮುಂದೆ, ಒಂದಡಿ ಹಿಂದೆ. ಇಳಿದು ಟಾರ್ಚ್ ಹಿಡಿದು ಒಳಗೆ ನೋಡಿದೆ. ಫೆಂಡರ್ ಲೈನರ್ ಕಪ್ಪಗೇ ಇತ್ತು. ಮಡ್ ಫ್ಲ್ಯಾಪಿನ ಒಳಮೂಲೆಯಲ್ಲಿ ಉಗುರಿನಷ್ಟು ಬಿಳಿ. ಆ ಮೂಲೆಯನ್ನು ಕತ್ತರಿಯಲ್ಲಿ ಕತ್ತರಿಸಿದೆ, ಅಷ್ಟೇ. ಆಮೇಲೆ ದಾರಕ್ಕೊಂದು ನಟ್ ಕಟ್ಟಿ ಫೆಂಡರ್ ಅಂಚಿನಿಂದ ಇಳಿಬಿಟ್ಟೆ. ದಾರ ಟಯರಿಗೆ ತಾಗದೆ ನೇರ ನೆಲ ಮುಟ್ಟಿತು. ಟಯರ್ ಗಾಡಿಯಿಂದ ಹೊರಗೆ ಚಾಚಿಲ್ಲ ಅಂತ ಖಾತ್ರಿ ಆಯಿತು. ಆಗ ದುಡ್ಡು ಕೊಟ್ಟೆ. ಟಯರ್ ಒಂದಕ್ಕೆ ಎಂಟು ಸಾವಿರದ ಆಸುಪಾಸು.

ನಾಲ್ಕಲ್ಲ, ಐದು ತಗೊಳ್ಳಿ. ಜಿಮ್ನಿಯಲ್ಲಿ ಸೆಂಟರ್ ಡಿಫರೆನ್ಷಿಯಲ್, ಅಂದರೆ ಮುಂದಿನ ಹಿಂದಿನ ಆಕ್ಸಲ್ ಬೇರೆಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್, ಇಲ್ಲ. 4ಎಚ್ (ನಾಲ್ಕೂ ಚಕ್ರಕ್ಕೆ ಬಲ ಕೊಡುವ ಮಾಮೂಲಿ ವೇಗದ ಗೇರ್) ಹಾಕಿದರೆ ಮುಂದಿನ ಆಕ್ಸಲ್ಲೂ ಹಿಂದಿನದೂ ಒಂದೇ ವೇಗದಲ್ಲಿ ತಿರುಗಲೇಬೇಕು. ಒಂದು ಚಕ್ರ 693, ಉಳಿದವು 703 ಆದರೆ ಆ ವ್ಯತ್ಯಾಸವನ್ನು ಎರಡೂ ಆಕ್ಸಲ್ಲಿಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸ್ ತಡೆದುಕೊಳ್ಳಬೇಕು. ಸ್ಪೇರ್ ಬೇಕಾಗುವುದು ಕೆಸರಲ್ಲಿ ಸಿಕ್ಕಿಕೊಂಡಾಗಲೇ ಅಲ್ವಾ?

ಕಾನೂನಿನ ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಹೇಳಿದ್ದಕ್ಕೆ ವಿರುದ್ಧವಾಗಿ ಗಾಡಿ ಮಾರ್ಪಡಿಸುವ ಹಾಗಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿದೆ. ಟಯರ್ ಸೈಜ್ ಬದಲಾಯಿಸುವವರು ಇದನ್ನು ತಿಳಿದೇ ಇಳಿಯಬೇಕು. ನಾನು ಇನ್ಶೂರೆನ್ಸ್‌ನವರಿಗೆ ಬರೆದು ತಿಳಿಸಿದೆ, ಬಿಲ್ ಇಟ್ಟುಕೊಂಡೆ. ಕಂಪನಿ ಚಕ್ರ ಐದನ್ನೂ ಮಾರಲಿಲ್ಲ.

ಓಡಿಸಿದ ಮೇಲೆ ಏನು ಬದಲಾಯಿತು? ಮುಂಚೆ ಮೀಟರ್ 80 ತೋರಿಸುವಾಗ ಜಿಪಿಎಸ್ 76 ಅನ್ನುತ್ತಿತ್ತು, ಈಗ 77. ಮೀಟರ್ ಇನ್ನಷ್ಟು ನಿಜ ಹೇಳುತ್ತಿದೆ. ಆದರೆ ಕಿಲೋಮೀಟರ್ ಲೆಕ್ಕ ಶೇ. 1.5 ಕಡಿಮೆ ಬೀಳುತ್ತೆ. ಮೈಲೇಜ್ ಬಿದ್ದುಹೋಯಿತು ಅಂತ ಗೋಳಾಡುವ ಮುಂಚೆ ಅದನ್ನು ಸೇರಿಸಿಕೊಳ್ಳಿ. ಸೇರಿಸಿದರೂ ಸ್ವಲ್ಪ ಬಿದ್ದಿದೆ. ಕಾಫಿ ಮೂಟೆ ತೂಗುವ ತಕ್ಕಡಿ ಮೇಲೆ ಹಳೇ ಚಕ್ರ, ಹೊಸ ಚಕ್ರ ಎರಡನ್ನೂ ಇಟ್ಟು ನೋಡಿದ್ದೆ. ಹೊಸದು ಮೂರು ಕೆ.ಜಿ.ಗಿಂತ ಜಾಸ್ತಿ ತೂಗಿತು. ತಿರುಗುವ ಭಾರ ಅದು, ಪ್ರತಿ ಸಲ ಗಾಡಿ ಎತ್ತುವಾಗ ಎಂಜಿನ್ನಿಗೆ ತಿಳಿಯುತ್ತೆ. ಗುಂಡಿಗೆ ಬಿದ್ದಾಗ ಮುಂಚಿನ ಟಣ್ ಅನ್ನುವ ಪೆಟ್ಟು ಇಲ್ಲ. ಕೆಮ್ಮಣ್ಣಿನ ಏರಿನಲ್ಲಿ ಈಗ 4ಎಚ್‌ನಲ್ಲೇ ಹತ್ತುತ್ತೆ, 4ಎಲ್ ಬೇಕಾಗುವುದು ಅಪರೂಪ.

ಗಾಳಿ ಮೊದಲು ಬಾಗಿಲ ಸ್ಟಿಕರ್‌ನಲ್ಲಿ ಇರುವಷ್ಟೇ ತುಂಬಿಸಿದೆ. ಟಯರಿನ ಅಡ್ಡಕ್ಕೆ ಸೀಮೆಸುಣ್ಣದ ಗೆರೆ ಎಳೆದು ಗಾಡಿಯನ್ನು ನೇರ ಸ್ವಲ್ಪ ದೂರ ಓಡಿಸಿದೆ. ನಡುವೆ ಮಾತ್ರ ಅಳಿಸಿದರೆ ಗಾಳಿ ಜಾಸ್ತಿ, ಅಂಚುಗಳು ಮಾತ್ರ ಅಳಿಸಿದರೆ ಕಮ್ಮಿ. ಗೆರೆ ಸಮನಾಗಿ ಅಳಿಸುವವರೆಗೆ ಒಂದೊಂದು ಪಿಎಸ್ಐ ಹೊಂದಿಸಿದೆ. ಹೊಸ ರಿಮ್ಮಿನ ನಟ್‌ಗಳನ್ನು ನೂರು ಕಿಲೋಮೀಟರ್ ಒಳಗೆ ಟಾರ್ಕ್ ರೆಂಚಿನಲ್ಲಿ ಮತ್ತೊಮ್ಮೆ ಬಿಗಿ ಮಾಡಿಸಿ. ನನ್ನದರಲ್ಲಿ ಎರಡು ನಟ್ ಕಾಲು ಸುತ್ತು ತಿರುಗಿದವು.